ಟಾರ್ಪಾಲಿನ ಗುಡಾರಕ್ಕೆ ಉಷ್ಣನಿರೋಧ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕೆಲಸದ ಜಾಗದ ಪಕ್ಕದಲ್ಲೇ 10 ಅಡಿ ಉದ್ದ, 8 ಅಡಿ ಅಗಲದ ಟಾರ್ಪಾಲಿನ ಗುಡಾರವೊಂದನ್ನು ಕಟ್ಟಿಕೊಂಡಿದ್ದೇವೆ. ನಡುವೆ 7 ಅಡಿ ಎತ್ತರ, ಬದಿಗಳಲ್ಲಿ ಮೂರೂಕಾಲು ಅಡಿ. ಇಬ್ಬರು ಮಲಗುತ್ತೇವೆ, ಇನ್ನೂ ನಾಲ್ಕೈದು ತಿಂಗಳು ಇಲ್ಲೇ ಇರಬೇಕಾಗಿದೆ. ಆಕಾಶ ಶುಭ್ರವಾಗಿರುವ ರಾತ್ರಿಗಳಲ್ಲಿ ಒಳಗೂ ಹೊರಗಿನಷ್ಟೇ ಚಳಿಯಾಗುತ್ತದೆ. ಸಂದುಗಳನ್ನೆಲ್ಲ ಮುಚ್ಚಿದರೆ ಬೆಳಗಿನ ಜಾವ ಮಾಡಿನಿಂದ ನೀರು ತೊಟ್ಟಿಕ್ಕಿ ಹೊದಿಕೆ ಒದ್ದೆಯಾಗುತ್ತದೆ, ಟಾರ್ಪಾಲಿನಲ್ಲಿ ಎಲ್ಲಿಯೂ ತೂತಿಲ್ಲ. ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ಒಬ್ಬರು ಬೆಳ್ಳಿಬಣ್ಣದ ಫಾಯಿಲ್ ಹಾಳೆಯನ್ನು ಅಂಟಿಸಿ ಎನ್ನುತ್ತಾರೆ, ಇನ್ನೊಬ್ಬರು ಸುತ್ತಲೂ ಥರ್ಮೋಕೋಲ್ ಕಟ್ಟಿ ಎನ್ನುತ್ತಾರೆ, ಮತ್ತೊಬ್ಬರು ಇದಾವುದೂ ಬೇಡ, ರಾತ್ರಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡರೆ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಸಲಹೆಗಳು ಕೈಕೊಟ್ಟರೆ ಹಣ ಹೋಗುತ್ತದೆ, ಅಗ್ಗಿಷ್ಟಿಕೆಯ ಸಲಹೆ ಕೈಕೊಟ್ಟರೆ ಜೀವ ಹೋಗುತ್ತದೆ. ಕೆಂಡದಲ್ಲಿ ಹೊಗೆ ಇಲ್ಲವಾದ್ದರಿಂದ ಅಪಾಯವೂ ಇಲ್ಲ ಎಂಬ ನಂಬಿಕೆ ಬಹಳ ಹಳೆಯದು, ಬಹಳ ತಪ್ಪು. ನಿಗಿನಿಗಿ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಯಥೇಚ್ಛವಾಗಿ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವ ಗುಣವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಎಂಬ ಮುನ್ಸೂಚನೆಗಳು ಎಚ್ಚರವಿದ್ದವರಿಗೆ ಮಾತ್ರ ತಿಳಿಯುತ್ತವೆ, ನಿದ್ದೆಯಲ್ಲಿರುವವರಿಗೆ ತಿಳಿಯುವುದಿಲ್ಲ. ಒಂದು ಕಿಂಡಿ ತೆರೆದಿಟ್ಟರೆ ಸಾಕೆಂಬ ಲೆಕ್ಕಾಚಾರವನ್ನೂ ನಂಬಬೇಡಿ. ಗಾಳಿ ನಿಂತ ರಾತ್ರಿಯಲ್ಲಿ ಆ ಕಿಂಡಿ ಇದ್ದೂ ಇಲ್ಲದಂತೆಯೇ. ಇದರ ಮೇಲೆ ಟಾರ್ಪಾಲಿನ ಪಾಲಿಎಥಿಲೀನ್ 110ರಿಂದ 130 ಡಿಗ್ರಿಯ ಆಸುಪಾಸಿನಲ್ಲೇ ಕರಗಿ, ಹೊತ್ತಿಕೊಂಡರೆ ಉರಿಯುವ ಹನಿಗಳಾಗಿ ಕೆಳಗೆ ಬೀಳುವ ವಸ್ತು. ಆದ್ದರಿಂದ ಕೆಂಡ, ಒಲೆ, ಗ್ಯಾಸ್ ಹೀಟರ್ ಯಾವುದೂ ಗುಡಾರದೊಳಗೆ ಬೇಡ.

ಈಗ ನಿಮ್ಮ ಮುಖ್ಯ ಸಂಕಟಕ್ಕೆ ಬರೋಣ. ನೀವು ಒಂದೇ ಸಮಸ್ಯೆಯೆಂಬಂತೆ ಬರೆದಿದ್ದೀರಿ, ಆದರೆ ಇಲ್ಲಿ ಮೂರು ಇವೆ: ರಾತ್ರಿಯ ಚಳಿ, ಬೆಳಗಿನ ನೀರು, ಮಧ್ಯಾಹ್ನದ ಧಗೆ. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಕೆಲವೊಮ್ಮೆ ವಿಷವಾಗುತ್ತದೆ. ಸಂದು ಮುಚ್ಚಿದಾಗ ನೀರು ತೊಟ್ಟಿಕ್ಕಿದ್ದು ಅದಕ್ಕೆ ನಿದರ್ಶನ.

ಉಷ್ಣನಿರೋಧಕ ವಸ್ತು ಯಾವುದೂ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಆದ್ದರಿಂದ ಒಳಗೆ ಶಾಖದ ಮೂಲ ಎಷ್ಟಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಮಲಗಿರುವ ವಯಸ್ಕರೊಬ್ಬರ ದೇಹದಿಂದ ಹೊರಬೀಳುವ ಶಾಖ ಸುಮಾರು 75 ವ್ಯಾಟ್. ಇಬ್ಬರಿಂದ 150 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಇನ್ನು ವೆಚ್ಚದ ಕಡೆ ನೋಡೋಣ. ನೀವು ಕೊಟ್ಟ ಅಳತೆಯ ಗುಡಾರದ ಮಾಡು ಮತ್ತು ಗೋಡೆಗಳೆಲ್ಲ ಸೇರಿ ಸುಮಾರು 24 ಚದರ ಮೀಟರ್ ಆಗುತ್ತದೆ. ಒಂಟಿ ಪದರದ ಟಾರ್ಪಾಲಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಪ್ರತಿ ಚದರ ಮೀಟರಿನಿಂದ ಸುಮಾರು 6 ವ್ಯಾಟ್ ಹೊರಹೋಗುತ್ತದೆ. ಹಾಳೆಯ ದಪ್ಪ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಅದರ ಎರಡೂ ಬದಿಗೆ ಅಂಟಿಕೊಂಡಿರುವ ತೆಳು ಗಾಳಿಯ ಪೊರೆಯೇ ಅಷ್ಟಿಷ್ಟು ತಡೆಯುತ್ತದೆ. ಗುಣಿಸಿದರೆ ಪ್ರತಿ ಡಿಗ್ರಿಗೆ 144 ವ್ಯಾಟ್. ಅಂದರೆ ನೀವಿಬ್ಬರೂ ಸೇರಿ ಇಡೀ ರಾತ್ರಿ ದುಡಿದರೂ ಗುಡಾರದ ಗಾಳಿಯನ್ನು ಹೊರಗಿಗಿಂತ ಒಂದು ಡಿಗ್ರಿಯಷ್ಟು ಮಾತ್ರ ಬೆಚ್ಚಗಿಡಬಲ್ಲಿರಿ, ಸಂದುಗಳಲ್ಲಿ ಗಾಳಿ ನುಸುಳಿದರೆ ಅದೂ ಇಲ್ಲ. ಒಳಗೂ ಹೊರಗಿನಷ್ಟೇ ಚಳಿ ಎಂದು ನೀವು ಬರೆದದ್ದು ಉತ್ಪ್ರೇಕ್ಷೆಯಲ್ಲ.

ಶುಭ್ರ ಆಕಾಶದ ರಾತ್ರಿ ಚಳಿ ಹೆಚ್ಚೆಂಬ ನಿಮ್ಮ ಗಮನಿಕೆಗೆ ಬೇರೆಯದೇ ಕಾರಣವಿದೆ. ಮೋಡವಿಲ್ಲದ ಆಕಾಶ ಉಷ್ಣವಿಕಿರಣದ ದೃಷ್ಟಿಯಿಂದ ನೆಲಮಟ್ಟದ ಗಾಳಿಗಿಂತ ಎಷ್ಟೋ ತಣ್ಣಗಿರುತ್ತದೆ. ಅದಕ್ಕೆ ಮುಖಮಾಡಿದ ಟಾರ್ಪಾಲು ತನ್ನ ಶಾಖವನ್ನು ಮೇಲಕ್ಕೆ ಸೂಸುತ್ತ ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ಕೆಳಗಿಳಿಯುತ್ತದೆ. ಆ ತಣ್ಣನೆಯ ಮಾಡಿನ ಕೆಳಗೆ ಮಲಗಿದ ದೇಹ ತನ್ನ ಶಾಖವನ್ನು ಮಾಡಿಗೆ ಸೂಸುತ್ತದೆ. ಮರದಡಿ ಕಟ್ಟಿದ ಗುಡಾರ ಬಯಲಿನದಕ್ಕಿಂತ ಬೆಚ್ಚಗಿರುವುದು ಇದರಿಂದಲೇ. ಎಲೆಗಳ ಚಪ್ಪರ ಆಕಾಶವನ್ನು ಮರೆಮಾಡುತ್ತದೆ. ಒಣಕೊಂಬೆಗಳಿಲ್ಲದ ಗಟ್ಟಿಮರವೊಂದು ಹತ್ತಿರದಲ್ಲಿದ್ದರೆ ಗುಡಾರವನ್ನು ಅದರಡಿಗೆ ಸರಿಸುವುದನ್ನು ಯೋಚಿಸಬಹುದು, ಸಿಡಿಲು ಮತ್ತು ಬಿರುಗಾಳಿಯ ದಿನಗಳಲ್ಲಿ ಮಾತ್ರ ಅದು ಒಳ್ಳೆಯ ಜಾಗವಲ್ಲ.

ಮೇಲಿನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ ನಿಮ್ಮ ಸ್ನೇಹಿತರ ಸಲಹೆಗಳ ಬೆಲೆ ತಿಳಿಯುತ್ತದೆ. ಒಳಗಡೆ ಎರಡನೆಯ ಟಾರ್ಪಾಲನ್ನು ಎರಡು ಮೂರು ಸೆಂಟಿಮೀಟರ್ ಅಂತರವಿಟ್ಟು ಕಟ್ಟಿ, ಆ ನಡುವಿನ ಗಾಳಿ ಓಡಾಡದಂತೆ ಅಂಚುಗಳನ್ನು ಮುಚ್ಚಿದರೆ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಉಸಿರಾಟಕ್ಕೆ ಬೇಕಾದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಒಳಗಿನ ಬಿಸಿ ಹೊರಗಿಗಿಂತ ಸುಮಾರು ಎರಡು ಡಿಗ್ರಿ ಹೆಚ್ಚಾದೀತು. ಅಂತರವನ್ನು ಐದು ಸೆಂಟಿಮೀಟರಿಗಿಂತ ಹಿಗ್ಗಿಸಿದರೆ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಜಾಗ ಸಿಕ್ಕ ಗಾಳಿ ತಾನೇ ಸುತ್ತತೊಡಗಿ ಶಾಖವನ್ನು ಒಂದು ಪದರದಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಸುತ್ತಲೂ ಎರಡು ಸೆಂಟಿಮೀಟರ್ ದಪ್ಪದ ಥರ್ಮೋಕೋಲನ್ನು ಸಂದಿಲ್ಲದಂತೆ ಹೊದಿಸಿದರೆ ಮೂರೂವರೆ ಡಿಗ್ರಿ. ಇಷ್ಟೆಲ್ಲ ಮಾಡಿದರೂ ಹೊರಗೆ 8 ಡಿಗ್ರಿ ಇದ್ದಾಗ ಒಳಗೆ ಹನ್ನೊಂದೂವರೆ.

ಹಾಗಾದರೆ ದಾರಿ ಯಾವುದು? ನನ್ನ ಅನುಭವದಲ್ಲಿ ತಾತ್ಕಾಲಿಕ ವಸತಿಗಳನ್ನು ಬೆಚ್ಚಗಿಡಲು ಹೊರಟವರಲ್ಲಿ ಹೆಚ್ಚಿನವರು ಮಾಡಿನಿಂದ ಆರಂಭಿಸಿ, ಹಣ ಮುಗಿದ ಮೇಲೆ ನೆಲವನ್ನು ನೋಡುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಮೈ ಕೆಳಗಿನ ನೆಲ, ಆಮೇಲೆ ಮಲಗುವ ಜಾಗದ ಸುತ್ತ ಒಂದು ಸಣ್ಣ ಕೋಣೆ, ಆಮೇಲೆ ಬೀಸುವ ಗಾಳಿಗೆ ತಡೆ, ಎಲ್ಲಕ್ಕಿಂತ ಕೊನೆಗೆ ಮಾಡು ಮತ್ತು ಗೋಡೆ.

ನೆಲದ ವಿಷಯದಲ್ಲಿ ಜನ ಮೋಸಹೋಗುವುದು ಹೀಗೆ. ಕಂಬಳಿಯೊಳಗಿನ ನಿಶ್ಚಲ ಗಾಳಿಯೇ ಮೈಯನ್ನು ಬೆಚ್ಚಗಿಡುವುದು. ಅದೇ ಕಂಬಳಿಯನ್ನು ಮೈಯಡಿಗೆ ಹಾಸಿದರೆ ಭಾರಕ್ಕೆ ಗಾಳಿಯೆಲ್ಲ ಹಿಂಡಿಹೋಗಿ ಅದು ಬರಿಯ ಬಟ್ಟೆಯಾಗುತ್ತದೆ. ಅದಕ್ಕೇ ಮೇಲೆ ಮೂರು ಹೊದಿಕೆ ಹೊದ್ದವರಿಗೂ ಬೆನ್ನು ಕೊರೆಯುತ್ತದೆ. ಮೈಭಾರಕ್ಕೆ ಕುಗ್ಗದ ವಸ್ತು ಬೇಕು. ಮುಚ್ಚಿದ ಸಣ್ಣ ಗುಳ್ಳೆಗಳ ಫೋಮ್ ಮ್ಯಾಟು, ಅಂದರೆ ನೀರು ಹೀರದ, ವ್ಯಾಯಾಮಕ್ಕೂ ಬಳಸುವ ಬಗೆಯ ಹಾಸು, ಒಂದು ಸೆಂಟಿಮೀಟರ್ ದಪ್ಪವಿದ್ದರೂ ಒಳ್ಳೆಯ ಕೆಲಸ ಮಾಡುತ್ತದೆ. ಒಂದರ ಮೇಲೊಂದು ಎರಡು ಹಾಸಿದರೆ ಅವುಗಳ ನಿರೋಧ ಕೂಡಿಕೊಳ್ಳುತ್ತದೆ. ಮ್ಯಾಟು ಸಿಗದಿದ್ದರೆ ಮೂರುನಾಲ್ಕು ಪದರ ಏಣುಳ್ಳ ರಟ್ಟು, ಇಲ್ಲವೇ ಮಲಗಿ ಅದುಮಿದ ಮೇಲೂ ಒಂದು ಗೇಣು ದಪ್ಪ ಉಳಿಯುವಷ್ಟು ಒಣಹುಲ್ಲು ತುಂಬಿದ ಗೋಣಿಚೀಲ ಸಾಕು. ಹುಲ್ಲು ತೇವ ಎಳೆದುಕೊಳ್ಳುತ್ತದೆ, ಇಲಿಯನ್ನೂ ಕರೆಯುತ್ತದೆ, ಆಗಾಗ ಬಿಸಿಲಿಗೆ ಹರಡಿ ಬದಲಿಸದಿದ್ದರೆ ಮುಗ್ಗುತ್ತದೆ ಎಂಬುದು ನೆನಪಿರಲಿ. ಗಾಳಿ ತುಂಬುವ ಸಾದಾ ಹಾಸಿಗೆಯನ್ನು ಮಾತ್ರ ಚಳಿಗೆಂದು ಕೊಳ್ಳಬೇಡಿ, ಅದರ ದೊಡ್ಡ ಕೋಣೆಗಳಲ್ಲಿ ಗಾಳಿ ಸುತ್ತುತ್ತಲೇ ಇರುವುದರಿಂದ ನೋಡಲು ದಪ್ಪವಿದ್ದರೂ ಬೆನ್ನಿಗೆ ತಣ್ಣಗೇ. ಮಂಚ ಹಾಕಿಕೊಂಡರೆ ನೆಲದ ತೇವದಿಂದ ಬಿಡುಗಡೆ ಸಿಗುತ್ತದೆ, ಆದರೆ ಮಂಚದಡಿ ಗಾಳಿ ಆಡುವುದರಿಂದ ಅದರ ಮೇಲೂ ಮ್ಯಾಟು ಬೇಕೇ ಬೇಕು. ಹಾಸಿನ ಕೆಳಗೆ, ಇಡೀ ನೆಲಕ್ಕೆ, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚನ್ನು ನಾಲ್ಕು ಬೆರಳು ಮೇಲಕ್ಕೆ ಮಡಿಸಿ. ಇದು ಚಳಿಗಿಂತ ಹೆಚ್ಚಾಗಿ ನಿಮ್ಮ ತೊಟ್ಟಿಕ್ಕುವ ನೀರಿಗೆ ಸಂಬಂಧಿಸಿದ್ದು, ಕಾರಣ ಮುಂದೆ ಹೇಳುತ್ತೇನೆ.

ಸಣ್ಣ ಕೋಣೆಯ ಮಾತು. ಗುಡಾರದೊಳಗೆ, ಹಾಸಿಗೆಯ ಸುತ್ತ, ಸೊಳ್ಳೆಪರದೆ ಕಟ್ಟುವಂತೆಯೇ ಹತ್ತಿಯ ಬಟ್ಟೆಯಿಂದ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಾಕಾರದ ಪರದೆಯನ್ನು ಇಳಿಬಿಡಿ. ಇದರ ಮೈ ಬರಿಯ 10 ಚದರ ಮೀಟರ್. ಅದೇ 150 ವ್ಯಾಟ್ ಶಾಖ ಈಗ 24 ಚದರ ಮೀಟರಿನ ಬದಲು 10 ಚದರ ಮೀಟರನ್ನು ಕಾಯಬೇಕು, ಹೊರಗಿನ ಟಾರ್ಪಾಲು ಗಾಳಿಯನ್ನು ತಡೆದುಕೊಂಡಿರುತ್ತದೆ. ಲೆಕ್ಕ ಹಾಕಿದರೆ ಪರದೆಯೊಳಗೆ ಗುಡಾರದ ಉಳಿದ ಭಾಗಕ್ಕಿಂತ ಸುಮಾರು ಮೂರೂವರೆ ಡಿಗ್ರಿ ಹೆಚ್ಚು ಸಿಗುತ್ತದೆ. ಇಡೀ ಗುಡಾರಕ್ಕೆ ಥರ್ಮೋಕೋಲ್ ಹೊದಿಸಿದರೆ ಸಿಗುತ್ತಿದ್ದ ಲಾಭವೂ ಅಷ್ಟೇ ಎಂಬುದನ್ನು ಗಮನಿಸಿ. ತಣ್ಣನೆಯ ಮಾಡು ಕಣ್ಣಿಗೆ ಮರೆಯಾಗುವಂತೆ ಮೈಗೂ ಮರೆಯಾಗುವುದರಿಂದ ಹಿತದ ಅನುಭವ ಈ ಅಂಕಿಗಿಂತ ಹೆಚ್ಚೇ ಇರುತ್ತದೆ. ಒಂದೇ ಷರತ್ತು: ಬಟ್ಟೆ ಉಸಿರಾಡುವಂಥದ್ದಾಗಿರಬೇಕು. ಪ್ಲಾಸ್ಟಿಕ್, ರಬ್ಬರು ಲೇಪನದ ಬಟ್ಟೆ, ಫಾಯಿಲ್ ಯಾವುದನ್ನೂ ಈ ಕೋಣೆಗೆ ಬಳಸಬೇಡಿ. ಕಾಲ ಕಡೆ ಕೆಳಗೆ ನಾಲ್ಕು ಬೆರಳು, ತಲೆಯ ಕಡೆ ಮೇಲೆ ಸ್ವಲ್ಪ ಸಂದು ಇರಲಿ.

ಅಗ್ಗಿಷ್ಟಿಕೆಯ ಬದಲಿಗೆ ಶಾಖ ಬೇಕೆನಿಸಿದರೆ ಅದಕ್ಕೂ ಈ ಕೋಣೆಯೇ ತಕ್ಕ ಜಾಗ. ಎರಡು ಲೀಟರ್ ನೀರು 60 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಸುಮಾರು 200 ಕಿಲೋಜೂಲ್ ಶಾಖ ಬಿಡುತ್ತದೆ, ನಿದ್ರಿಸುವ ಒಬ್ಬರ ದೇಹ ಮುಕ್ಕಾಲು ಗಂಟೆ ಸೂಸುವಷ್ಟು. ರಬ್ಬರಿನ ಬಿಸಿನೀರಿನ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಹೊದಿಕೆಯೊಳಗಿಟ್ಟರೆ ನಡುರಾತ್ರಿಯವರೆಗೆ ಸಾಕು. ಬರಿಯ ಚರ್ಮಕ್ಕೆ ತಾಗಿಸಬೇಡಿ, ನಿದ್ದೆಯಲ್ಲಿ ಸುಟ್ಟದ್ದು ಗೊತ್ತಾಗುವುದಿಲ್ಲ. ನೀರು ಕಾಯಿಸುವುದು ಹೊರಗೆ.

ಗಾಳಿತಡೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಟಾರ್ಪಾಲಿನ ಕೆಳ ಅಂಚನ್ನು ಒಂದು ಮೊಳದಷ್ಟು ಹೊರಕ್ಕೆ ಹಾಸಿ ಅದರ ಮೇಲೆ ಮಣ್ಣು ಹೇರಿ. ಬಾಗಿಲನ್ನು ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿಸಿ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ, ಹಾಗಾಗಿ ಆ ದಿಕ್ಕಿನ ಗೂಟಗಳು ಉಳಿದವಕ್ಕಿಂತ ಆಳವಾಗಿರಲಿ. ಗುಡಾರದಿಂದ ಸ್ವಲ್ಪ ದೂರದಲ್ಲಿ ತಡಿಕೆಯನ್ನೋ ಬಲೆಯನ್ನೋ ನಿಲ್ಲಿಸುವುದಾದರೆ ಅರ್ಧ ಗಾಳಿಯನ್ನು ಬಿಟ್ಟುಕೊಡುವಂಥದ್ದೇ ಮೇಲು. ಗಟ್ಟಿಗೋಡೆಯ ಹಿಂದೆ ಗಾಳಿ ಸುಳಿಯಾಗಿ ಇಳಿದು ಬಡಿಯುತ್ತದೆ.

ಇನ್ನು ನೀರು. ಟಾರ್ಪಾಲು ಸೋರುತ್ತಿಲ್ಲ, ನೀರು ನಿಮ್ಮಿಂದಲೇ ಬಂದದ್ದು. ಉಸಿರು ಮತ್ತು ಚರ್ಮದಿಂದ ಇಬ್ಬರು ಎಂಟು ಗಂಟೆಯ ನಿದ್ದೆಯಲ್ಲಿ ಸುಮಾರು ಅರ್ಧ ಲೀಟರ್ ನೀರನ್ನು ಆವಿಯಾಗಿ ಬಿಡುತ್ತಾರೆ. ಬರಿನೆಲವಾದರೆ ಮಣ್ಣಿನ ತೇವವೂ ಸೇರುತ್ತದೆ, ಮೇಲೆ ಹೇಳಿದ ನೆಲಹಾಳೆ ಅದನ್ನು ತಡೆಯಲಿಕ್ಕೆ. ಒಳಗಿನ ಗಾಳಿ 15 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇಕಡ 80 ಇದ್ದರೆ, ಸುಮಾರು 11.5 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರುತ್ತದೆ. ಶುಭ್ರ ರಾತ್ರಿಯ ಟಾರ್ಪಾಲು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಎಲ್ಲ ಸಂದುಗಳನ್ನೂ ಮುಚ್ಚಿದಿರಿ, ಆವಿಗೆ ಹೋಗಲು ದಾರಿ ಉಳಿಯಲಿಲ್ಲ, ಅದು ಮಾಡಿಗೆ ಕೂತು ನಿಮ್ಮ ಮೇಲೆಯೇ ಇಳಿಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುವುದರಿಂದ ಒದ್ದೆಯಾದ ಹೊದಿಕೆ ಮರುದಿನದ ಚಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪರಿಹಾರವೆಂದರೆ ಬೇಕಾಬಿಟ್ಟಿ ಸಂದುಗಳನ್ನು ಮುಚ್ಚಿ, ನೀವೇ ಆರಿಸಿದ ಎರಡು ಕಿಂಡಿಗಳನ್ನು ತೆರೆದಿಡುವುದು: ಒಂದು ಮಾಡಿನ ನೆತ್ತಿಗೆ ಹತ್ತಿರ, ಇನ್ನೊಂದು ಎದುರು ಬದಿಯಲ್ಲಿ ಕೆಳಗೆ, ಪ್ರತಿಯೊಂದೂ ಒಂದು ಗೇಣು ಅಗಲ. ಇದರಿಂದ ಅರ್ಧ ಡಿಗ್ರಿ ಕಳೆದುಕೊಳ್ಳುತ್ತೀರಿ, ಒಣ ಹೊದಿಕೆಯ ಲಾಭದ ಮುಂದೆ ಅದು ಏನೂ ಅಲ್ಲ. ಮಾಡಿನ ಇಳಿಜಾರನ್ನು ಜೋಲದಂತೆ ಬಿಗಿಯಾಗಿ ಕಟ್ಟಿದರೆ ಕೂತ ಹನಿಗಳು ನಡುವೆ ತೊಟ್ಟಿಕ್ಕದೆ ಬದಿಗೆ ಜಾರುತ್ತವೆ. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ.

ಫಾಯಿಲ್ ಹಾಳೆಯ ಬಗ್ಗೆ ಇರುವಷ್ಟು ಗೊಂದಲ ಬೇರೆ ಯಾವುದರ ಬಗ್ಗೆಯೂ ಇಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲ್ಮೈ ಉಷ್ಣವಿಕಿರಣದ ಬಹುಭಾಗವನ್ನು ಹಿಂದಿರುಗಿಸುತ್ತದೆ, ತಾನೂ ಬಹಳ ಕಡಿಮೆ ಸೂಸುತ್ತದೆ ಎಂಬುದು ನಿಜ. ಆದರೆ ಅದರ ಎದುರು ಖಾಲಿ ಗಾಳಿಯ ಅಂತರವಿದ್ದರೆ ಮಾತ್ರ. ಟಾರ್ಪಾಲಿಗೂ ಥರ್ಮೋಕೋಲಿಗೂ ನಡುವೆ ಒತ್ತಿ ಅಂಟಿಸಿದ ಫಾಯಿಲ್, ಹಾಸಿಗೆಯಡಿ ಹಾಸಿದ ಫಾಯಿಲ್, ಶಾಖವನ್ನು ಚೆನ್ನಾಗಿ ದಾಟಿಸುವ ಒಂದು ಲೋಹದ ಹಾಳೆ ಮಾತ್ರ. ಇನ್ನೊಂದು ತೊಡಕು, ಅದು ಆವಿಯನ್ನು ಕೊಂಚವೂ ಬಿಡುವುದಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಒಂದು ಗುಡಾರದ ಒಳಮೈಗೆಲ್ಲ ಫಾಯಿಲ್ ಹೊದಿಸಿ, ಕನ್ನಡಿಮನೆಯಂತೆ ಕಾಣುತ್ತದೆಂದು ಹೆಮ್ಮೆಪಟ್ಟು ಮಲಗಿ, ಬೆಳಿಗ್ಗೆ ನೆನೆದು ಎದ್ದಿದ್ದೇನೆ. ನಿಮ್ಮ ಗುಡಾರದಲ್ಲಿ ಫಾಯಿಲ್ ನಿಜವಾಗಿ ದುಡಿಯುವುದು ಹಗಲಿನ ಬಿಸಿಲಿಗೆ.

ನಡುಹಗಲಿನ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಗಾಢಬಣ್ಣದ ಟಾರ್ಪಾಲು ಅದರ ಹೆಚ್ಚಿನ ಪಾಲನ್ನು ಹೀರಿಕೊಂಡು 60 ಡಿಗ್ರಿಯನ್ನೂ ದಾಟಿ ಕಾದು, ಕಾದ ಕಾವಲಿಯಂತೆ ಕೆಳಕ್ಕೆ ಸೂಸುತ್ತದೆ. ಒಳಗಡೆ ಎಷ್ಟು ದಪ್ಪ ನಿರೋಧ ಹಾಕಿದರೂ ಬಿಸಿಲು ಟಾರ್ಪಾಲನ್ನು ಮುಟ್ಟಿದ ಮೇಲೆ ಅರ್ಧ ಯುದ್ಧ ಸೋತಂತೆ, ಆದ್ದರಿಂದ ಅದು ಮುಟ್ಟುವ ಮೊದಲೇ ತಡೆಯಬೇಕು. ಮಾಡಿನ ಮೇಲೆ ಒಂದು ಅಡಿ ಎತ್ತರದಲ್ಲಿ ಬೇರೆ ಗಳಗಳ ಮೇಲೆ ನೆರಳುಬಲೆಯನ್ನೋ ಬಿಳಿಯ ಹಾಳೆಯನ್ನೋ ಹರಡಿ, ಎರಡೂ ತುದಿಗಳನ್ನು ಪೂರ್ತಿ ತೆರೆದಿಡಿ. ನಡುವೆ ಕಾದ ಗಾಳಿ ತಾನಾಗಿ ಹೊರಹೋಗುತ್ತದೆ. ಇಲ್ಲಿ ಫಾಯಿಲ್ ಬಳಸುವುದಾದರೆ ಹೊಳೆಯುವ ಮೈ ಕೆಳಮುಖವಾಗಿರಲಿ. ಮೇಲ್ಮುಖವಾದ ಹೊಳಪಿನ ಮೇಲೆ ಧೂಳು ಕೂತು ಕೆಲವೇ ವಾರಗಳಲ್ಲಿ ಗುಣ ಕುಂದುತ್ತದೆ, ಕೆಳಮುಖಕ್ಕೆ ಧೂಳು ಹತ್ತುವುದಿಲ್ಲ. ಚಳಿಯ ಒಳಪದರಕ್ಕೂ ಬಿಸಿಲಿನ ಹೊರಪದರಕ್ಕೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದರ ಗಾಳಿ ಅಲುಗಬಾರದು, ಎರಡನೆಯದರ ಗಾಳಿ ನಿಲ್ಲಬಾರದು. ಈ ಹೊರಚಪ್ಪರ ರಾತ್ರಿ ಆಕಾಶವನ್ನೂ ಮರೆಮಾಡುವುದರಿಂದ ಟಾರ್ಪಾಲು ಕಡಿಮೆ ತಣಿಯುತ್ತದೆ, ಕಡಿಮೆ ಬೆವರುತ್ತದೆ. ಮೂರೂ ಸಮಸ್ಯೆಗಳಿಗೆ ಅಷ್ಟಿಷ್ಟು ಒದಗುವ ಕೆಲಸ ಇದೊಂದೇ.

ಟಾರ್ಪಾಲನ್ನೇ ಬದಲಿಸುವ ಸಂದರ್ಭ ಬಂದರೆ ಹೊರಮೈ ಬಿಳಿ, ಒಳನೇಯ್ಗೆ ಕಪ್ಪಗಿರುವುದನ್ನು ಆರಿಸಿ. ನಿರಾಶ್ರಿತರ ನೆರವಿಗೆ ಕಳುಹಿಸುವ ಹಾಳೆಗಳು ಈ ಬಗೆಯವು. ಬಿಳಿ ಬಣ್ಣ ಬಿಸಿಲನ್ನು ಹಿಂದಿರುಗಿಸುತ್ತದೆ, ಕಪ್ಪು ಎಳೆ ಬೆಳಕನ್ನು ತಡೆಯುವುದರಿಂದ ರಾತ್ರಿ ದೀಪ ಹಚ್ಚಿದಾಗ ಒಳಗಿನವರ ನೆರಳು ಹೊರಗೆ ಕಾಣುವುದಿಲ್ಲ. ಅಂಥ ನೆರವಿನ ಕೆಲಸದಲ್ಲಿ ಬಳಸುವ ಸ್ಫಿಯರ್ ಕೈಪಿಡಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ನೆಲ ಇರಬೇಕೆನ್ನುತ್ತದೆ. ನಿಮ್ಮದು ಇಬ್ಬರಿಗೆ 7 ಚದರ ಮೀಟರಿಗಿಂತ ತುಸು ಹೆಚ್ಚು, ಮೂರನೆಯವರನ್ನು ಸೇರಿಸಿಕೊಂಡರೆ ಬೆಚ್ಚಗಾಗಬಹುದೆಂಬ ಆಸೆ ಬೇಡ, ತೇವವೂ ಒಂದೂವರೆ ಪಟ್ಟಾಗುತ್ತದೆ.

ಥರ್ಮೋಕೋಲಿಗೆ ನನ್ನ ತಕರಾರು ಅದರ ನಿರೋಧಗುಣದ ಬಗ್ಗೆ ಅಲ್ಲ, ಅದು ಚೆನ್ನಾಗಿಯೇ ಇದೆ. ಆದರೆ ಸುಮಾರು 100 ಡಿಗ್ರಿಗೆ ಮೆತ್ತಗಾಗಿ, ಬೆಂಕಿ ತಗುಲಿದರೆ ಕರಿಹೊಗೆ ಕಾರುತ್ತ ವೇಗವಾಗಿ ಉರಿಯುವ ಹಲಗೆಗಳನ್ನು, ಒಂದೇ ಬಾಗಿಲಿರುವ ಏಳು ಅಡಿ ಎತ್ತರದ ಜಾಗದಲ್ಲಿ ತಲೆಯ ಮೇಲೂ ಸುತ್ತಲೂ ತೆರೆದಿಡುವುದು ವಿವೇಕವಲ್ಲ. ಪಾಲಿಯುರೆಥೇನ್ ಫೋಮ್ ಇನ್ನೂ ಕೆಟ್ಟದ್ದು, ಅದರ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಈಗಾಗಲೇ ಥರ್ಮೋಕೋಲ್ ತಂದಿದ್ದರೆ ಗಟ್ಟಿಬಗೆಯದನ್ನು ನೆಲಹಾಳೆಯ ಮೇಲೆ, ಮ್ಯಾಟಿನ ಕೆಳಗೆ, ಎಲ್ಲೂ ಕಾಣದಂತೆ ಮುಚ್ಚಿ ಬಳಸಿ. ಗಾಜಿನ ಉಣ್ಣೆ ಉರಿಯುವುದಿಲ್ಲ, ಆದರೆ ತೇವ ಕುಡಿದರೆ ಕುಸಿಯುತ್ತದೆ ಮತ್ತು ಅದರ ಎಳೆಗಳು ಚರ್ಮ, ಗಂಟಲುಗಳನ್ನು ಕೆರಳಿಸುತ್ತವೆ. ಅದನ್ನು ಪೂರ್ತಿ ಹೊಲಿದು ಮುಚ್ಚುವ ಶ್ರಮ ನಾಲ್ಕು ತಿಂಗಳ ಗುಡಾರಕ್ಕೆ ತಕ್ಕುದಲ್ಲ.

ಆದ್ದರಿಂದ ಮೊದಲ ವಾರ ನೆಲಹಾಳೆ, ಮ್ಯಾಟು, ಬಟ್ಟೆಯ ಕೋಣೆ ಮತ್ತು ಎರಡು ಕಿಂಡಿಗಳನ್ನು ಮಾತ್ರ ಮಾಡಿ, ಮುಂದಿನ ವಾರ ಹೊರಚಪ್ಪರ ಕಟ್ಟಿ. ಎರಡು ಸಾದಾ ಉಷ್ಣಮಾಪಕಗಳನ್ನು ತಂದು ಒಂದನ್ನು ಪರದೆಯೊಳಗೆ ತಲೆಯ ಎತ್ತರದಲ್ಲಿ, ಇನ್ನೊಂದನ್ನು ಹೊರಗೆ ಚಪ್ಪರದ ನೆರಳಿನಲ್ಲಿ ತೂಗುಹಾಕಿ, ಶುಭ್ರ ಆಕಾಶದ ಮೂರು ರಾತ್ರಿಗಳಲ್ಲಿ ನಸುಕಿನ ಅಂಕಿಗಳನ್ನು ಬರೆದಿಡಿ. ವ್ಯತ್ಯಾಸ ಮೂರು ಡಿಗ್ರಿಗಿಂತ ಹೆಚ್ಚಿದ್ದು ಹೊದಿಕೆ ಒಣಗಿಯೇ ಇದ್ದರೆ ಒಳಗಿನ ಎರಡನೆಯ ಟಾರ್ಪಾಲಿಗೆ ಹಣ ಹಾಕಬೇಡಿ. ಅದಕ್ಕಿಂತ ಕಡಿಮೆಯಿದ್ದರೆ ಒಳಪದರವನ್ನು ಕಟ್ಟುವ ಮೊದಲು, ಗಾಳಿ ಬೀಸುವಾಗ ಒಂದು ಊದುಬತ್ತಿಯನ್ನು ಹಿಡಿದು ಅಂಚುಗಳಗುಂಟ ನಡೆದು ಹೊಗೆ ಎಲ್ಲಿ ಅತ್ತಿತ್ತ ಎಳೆಯುತ್ತದೆಂದು ನೋಡಿ. ಬಹುತೇಕ ಬಾಗಿಲ ಕೆಳಗಿನ ಮೂಲೆಯಲ್ಲೇ ಉತ್ತರ ಸಿಗುತ್ತದೆ.